ಐದು ನಿಮಿಷದ ಜಗಲಿ

ನಮ್ಮ ಮನೆಯ ಬಾಗಿಲ ಹಿಂದೆ ಒಂದು ಹಾರೆ ನಿಂತಿದೆ. ಅದು ನಮ್ಮದಲ್ಲ. ಪಕ್ಕದ ಅಂಗಡಿಯ ನಯಾಜ್ ಭಾಯಿಯ ಭಾವಮೈದುನನದು. ಅವನಿರುವುದು ಕೆ.ಆರ್. ಪೇಟೆಯಲ್ಲಿ. ಕಸ ಗುಡಿಸುವಾಗ ದಿನವೂ ನನ್ನ ಪೊರಕೆ ಅದಕ್ಕೆ ತಾಗುತ್ತದೆ, ಅದು ಗೋಡೆಗೆ ಬಡಿದು ಠಣ್ ಎನ್ನುತ್ತದೆ. ನಾನು, "ಅಣ್ಣಯ್ಯಾ, ಇದನ್ನ ಯಾವತ್ತು ವಾಪಸ್ ಕಳಿಸ್ತೀಯ?" ಎಂದು ಕೂಗುತ್ತೇನೆ. ಅಣ್ಣಯ್ಯ ಜಗಲಿಯಿಂದಲೇ, "ಒಂದೈದ್ ನಿಮಿಷದ ಕೆಲ್ಸ ಬಾಕಿ ಐತೆ ಕಣೆ, ಮುಗಿಸ್ಬುಟ್ಟು ಕಳಿಸ್ತೀನಿ" ಎನ್ನುತ್ತಾನೆ. ಆ ಐದು ನಿಮಿಷ ಶುರುವಾಗಿ ಈಗ ಮೂರು ತಿಂಗಳಾಯಿತು.

ನನಗೇನೂ ಬೇಸರವಿಲ್ಲ. ಆ ಠಣ್ ಕೇಳಿದಾಗಲೆಲ್ಲ ನನಗೆ ಒಂದು ಸಲ ನಾಚಿಕೆಯಾಗುತ್ತದೆ, ಆಮೇಲೆ 'ಸದ್ಯ, ದೇವರು ದೊಡ್ಡವನು' ಎಂದು ಎದೆ ಹಗುರಾಗುತ್ತದೆ. ನಾಚಿಕೆ ಯಾಕೆ, ಹಗುರ ಯಾಕೆ ಎಂದು ಹೇಳಬೇಕಾದರೆ ಮೊದಲು ಜಗಲಿಯ ವಿಷಯ ಹೇಳಬೇಕು. ಜಗಲಿಯ ವಿಷಯ ಹೇಳಬೇಕಾದರೆ ಟೇಷನ್ನಿನ ವಿಷಯ. ನಿಮಗೆ ಅವಸರವಿಲ್ಲ ತಾನೆ? ಕೂತುಕೊಳ್ಳಿ.

ಪಾಂಡವಪುರದ ರೈಲ್ವೆ ಟೇಷನ್ನು ಪಾಂಡವಪುರದಲ್ಲಿಲ್ಲ. ಊರು ಒಂದು ಕಡೆ, ಟೇಷನ್ನು ಇನ್ನೊಂದು ಕಡೆ, ಜಗಳವಾಡಿ ಬೇರೆಯಾದ ಅಣ್ಣತಮ್ಮಂದಿರ ಹಾಗೆ. ಹೊಸಬರು ರೈಲಿಳಿದು ಸುತ್ತ ನೋಡಿ, "ಊರೆಲ್ಲಿ ಸ್ವಾಮಿ?" ಎಂದು ಕೇಳುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಈ ಕಡೆಯಿಂದ ಹೋಗುವವರದು ಇನ್ನೊಂದು ಪಾಡು. ನಾಗಮಂಗಲದವರು, ಕೆ.ಆರ್. ಪೇಟೆಯವರು, ಪಾಂಡವಪುರದವರು ಬಸ್ಸಿನಲ್ಲಿ ಬಂದು ಟೇಷನ್ ತಿರುವಿನಲ್ಲಿ ಇಳಿಯುತ್ತಾರೆ. ಅಲ್ಲಿಂದ ಟೇಷನ್ನಿಗೆ ನಡಿಗೆ. ಆ ತಿರುವಿನಲ್ಲಿ ಎದುರಿಗೇ ಇರುವುದು ನಮ್ಮ ಮನೆ. ಮನೆಯ ಮುಂಭಾಗದಲ್ಲಿ ಮರಗೆಲಸದ ಅಂಗಡಿ, ಅಂಗಡಿಯ ಮುಂದೆ ಕಲ್ಲಿನ ಜಗಲಿ.

ನಾವು ಆಚಾರ್ರು. ಅಪ್ಪ ಎತ್ತಿನ ಗಾಡಿ ಮಾಡುತ್ತಿದ್ದರು, ಬಾಗಿಲು ಮಾಡುತ್ತಿದ್ದರು, ತೊಟ್ಟಿಲು ಮಾಡುತ್ತಿದ್ದರು. ಹೇಮಗಿರಿ ಕಡೆಯ ಒಬ್ಬರಿಗೆ ಎರಡು ಗಾಡಿ ಮಾಡಿಕೊಟ್ಟಾಗ ಕೂಲಿಯ ಬದಲು ಆರು ಕಲ್ಲು ಚಪ್ಪಡಿ ಕೇಳಿ ಪಡೆದರಂತೆ. ಅದೇ ಹೊಸ ಗಾಡಿಗಳಲ್ಲೇ ಚಪ್ಪಡಿ ಹೇರಿಸಿ ತರಿಸಿದರಂತೆ. "ಕಲ್ಲೂ ಬಂತು, ಗಾಡಿ ಭಾರ ತಡೀತದಾ ಅಂತನೂ ಗೊತ್ತಾಯ್ತು" ಎಂದು ಹೇಳಿಕೊಂಡು ನಗುತ್ತಿದ್ದರು. ಆ ಆರು ಚಪ್ಪಡಿಗಳೇ ಜಗಲಿ. ಅಗಲ ಸರಿಯಾಗಿ ಐದಡಿ. ಗಂಟನ್ನು ತಲೆದಿಂಬು ಮಾಡಿಕೊಂಡು, ಮೊಣಕಾಲು ಒಂದಿಷ್ಟು ಮಡಿಸಿದರೆ ಯಾವ ಗಂಡಸಾದರೂ ಮಲಗಬಹುದು.

ಬಸ್ಸಿಳಿದವರು ಮೊದಲು ಕೇಳುತ್ತಿದ್ದ ಮಾತು ಒಂದೇ. "ಟೇಷನ್ ಎಷ್ಟ್ ದೂರ ಆಚಾರ್ರೇ?" ಅಪ್ಪ ಬಾಚಿಯಿಂದ ತಲೆ ಎತ್ತದೆ ಹೇಳುತ್ತಿದ್ದ ಉತ್ತರವೂ ಒಂದೇ.

"ಐದ್ ನಿಮಿಷ. ಕುಂತ್ಕಂಡು ಓಗಿ."

ಅವರು ಕೂರುತ್ತಿದ್ದರು. ಮೂಲೆಯಲ್ಲಿ ಮಣ್ಣಿನ ಗಡಿಗೆಯಲ್ಲಿ ನೀರಿರುತ್ತಿತ್ತು. ನೀರು ಕುಡಿದವರು ಯಾವೂರು ಎಂದು ಹೇಳಬೇಕಾಗುತ್ತಿತ್ತು. ಯಾವೂರು ಎಂದ ಮೇಲೆ ಅಲ್ಲಿಯ ಇಂಥವರ ಮಗಳನ್ನು ಎಲ್ಲಿಗೆ ಕೊಟ್ಟರು ಎಂಬ ಮಾತು ಬರುತ್ತಿತ್ತು. ಅಷ್ಟರಲ್ಲಿ ರೈಲು ಕೂಗು ಹಾಕಿ ಹೊರಟೇಹೋಗುತ್ತಿತ್ತು. ಒಳಗಿದ್ದ ಅಮ್ಮ ಆ ಕೂಗು ಕೇಳಿದ ಕೂಡಲೇ ಬಾಗಿಲ ಸಂದಿಯಿಂದ ಇಣುಕಿ ಜಗಲಿಯ ಮೇಲೆ ಉಳಿದ ತಲೆ ಎಣಿಸುತ್ತಿದ್ದಳು. ಆಮೇಲೆ ತುಟಿ ಪಿಟಕ್ಕೆನ್ನದೆ ಒಳಗೆ ಹೋಗಿ ಮುದ್ದೆಯ ಎಸರಿಗೆ ಅಷ್ಟಷ್ಟು ನೀರು ಜಾಸ್ತಿ ಸುರಿಯುತ್ತಿದ್ದಳು. ಅವರೆಲ್ಲ ಹೋದ ಮೇಲೆ ಅವಳ ಬಾಯಿ ಬಿಚ್ಚುತ್ತಿತ್ತು. "ಇಸ್ಕೂಲ್ ಮಕ್ಳಿಗೆ ಸುಳ್ಳ್ ಯೋಳ್ಬ್ಯಾಡಿ ಅಂತೀರ, ನೀವ್ ದಿನಾ ಯೋಳದೇನು? ಐದ್ ನಿಮಿಷವಂತೆ, ಐದ್ ನಿಮಿಷ!"

ಹಾಗಾಗಿ ನಮ್ಮ ಮನೆಯಲ್ಲಿ 'ಅಪ್ಪನ ಐದು ನಿಮಿಷ' ಎಂಬುದು ನುಡಿಗಟ್ಟೇ ಆಗಿಹೋಯಿತು. ಮುಗಿಯದ ಕೆಲಸಕ್ಕೆಲ್ಲ ಅದೇ ಅಳತೆ. ಹೊಲಿಯಲು ಕೊಟ್ಟ ರವಿಕೆ ಬರುವುದು ಅಪ್ಪನ ಐದು ನಿಮಿಷದಲ್ಲಿ. ಚಿಕ್ಕಮ್ಮ ಊರಿಗೆ ಹೊರಟು ಹೊಸ್ತಿಲಲ್ಲಿ ನಿಂತು ಮಾತಾಡುವುದು ಅಪ್ಪನ ಐದು ನಿಮಿಷ.

ಇದರಲ್ಲಿ ಕೆ.ಆರ್. ಪೇಟೆಯ ಅಕ್ಕಸಾಲಿಯೊಬ್ಬರ ಕತೆ ಇಂದಿಗೂ ನಮ್ಮ ಬಂಧುಬಳಗದಲ್ಲಿ ಓಡಾಡುತ್ತದೆ. ಅವರು ಮೈಸೂರಿನ ಮದುವೆಯೊಂದಕ್ಕೆ ತಾಳಿ ಮಾಡಿಕೊಂಡು, ಅದನ್ನು ಒಳಜೇಬಿನಲ್ಲಿಟ್ಟು ಪಿನ್ನು ಹಾಕಿಕೊಂಡು ಬಂದಿದ್ದರು. ಜೇಬನ್ನು ಮುಟ್ಟಿ ಮುಟ್ಟಿ ನೋಡುತ್ತ, "ಟೇಷನ್?" ಎಂದರು. ಅಪ್ಪ ತಮ್ಮ ಮಂತ್ರ ಹೇಳಿದರು. ಇಬ್ಬರೂ ಕುಲಕಸುಬಿನವರು, ಉಳಿಗೆ ಕಾವು ಹಾಕುವುದು ಹೇಗೆ, ಚಿನ್ನಕ್ಕೆ ಬೆಸುಗೆ ಹಾಕುವುದು ಹೇಗೆ ಎಂದು ಮಾತು ಹತ್ತಿಕೊಂಡಿತು. ರೈಲು ಹೋಯಿತು. ಅಪ್ಪ ಕಬ್ಬಿನ ಲಾರಿಯೊಂದನ್ನು ಕೈಯಡ್ಡ ಹಿಡಿದು ನಿಲ್ಲಿಸಿ ಅವರನ್ನು ಹತ್ತಿಸಿದರು. ಲಾರಿಯವನು ದಾರಿಯಲ್ಲಿ ಟೀ ಕುಡಿದ. ಇವರು ಹೋಗಿ ಮುಟ್ಟುವಷ್ಟರಲ್ಲಿ ಅರಿಶಿನದ ಕೊಂಬು ಕಟ್ಟಿ ಮದುವೆ ಮುಗಿಸಿ ಜನ ಪಾಯಸಕ್ಕೆ ಕೂತಿದ್ದರಂತೆ. ಮರುದಿನ ಆ ಮನುಷ್ಯ ಅಪ್ಪನನ್ನು ಬೈಯಲೆಂದೇ ಟೇಷನ್ನಿನಿಂದ ದಡದಡ ಬಂದರು. ಬೈದರು. ಬೈದು ಸುಸ್ತಾಗಿ ಜಗಲಿಯ ಮೇಲೆ ಕೂತರು. ಕೆ.ಆರ್. ಪೇಟೆಯ ಕೊನೇ ಬಸ್ಸೂ ಹೋಯಿತು.

ನಾನು ಆ ಜಗಲಿಯಲ್ಲಿ ಕೂತವಳಲ್ಲ. ಹೆಣ್ಣುಮಕ್ಕಳು ಬೀದಿ ಜಗಲಿಯಲ್ಲಿ ಕೂರಬಾರದು ಎಂಬುದು ಅಮ್ಮನ ಕಾನೂನು. ನನ್ನ ಜಾಗ ಬಾಗಿಲ ಹಿಂದೆ, ಈಗ ಹಾರೆ ನಿಂತಿದೆಯಲ್ಲ, ಅಲ್ಲೇ. ಮರದ ಚಕ್ಕೆಯ ಸುರುಳಿಗಳನ್ನು ಕಿವಿಗೆ ಲೋಲಾಕಾಗಿ ಸಿಕ್ಕಿಸಿಕೊಂಡು ಹೊರಗಿನ ಮಾತು ಕೇಳುತ್ತ ಕೂರುತ್ತಿದ್ದೆ. ನಾಗಮಂಗಲದವರು ಹೇಗೆ ಎಳೆಯುತ್ತಾರೆ, ಶ್ರೀರಂಗಪಟ್ಟಣದ ಸಾಬರು ಕನ್ನಡದ ನಡುವೆ ಉರ್ದುವನ್ನು ಹೇಗೆ ಪೋಣಿಸುತ್ತಾರೆ ಎಂಬುದೆಲ್ಲ ನನಗೆ ಅಲ್ಲೇ ಗೊತ್ತಾದದ್ದು. ಮುಂದೆ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದೆ. ಅತಿಶಯೋಕ್ತಿ ಅಲಂಕಾರ ಬಂದಾಗ ಪುಸ್ತಕದ ಉದಾಹರಣೆಯ ಜೊತೆಗೆ, 'ನಮ್ಮ ತಂದೆಯ ಐದು ನಿಮಿಷ' ಎಂಬ ಸ್ವಂತ ಉದಾಹರಣೆ ಕೊಡುತ್ತಿದ್ದೆ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಅಪ್ಪ ತೀರಿಕೊಂಡ ಮೇಲೂ ಆ ಉದಾಹರಣೆಯನ್ನು ನಾನು ಬಿಡಲಿಲ್ಲ. ಹೀಗೆ ನಮ್ಮಪ್ಪ ಸುಳ್ಳುಗಾರನೆಂದು ಪಾಂಡವಪುರ ತಾಲ್ಲೂಕಿನ ಮೂವತ್ತು ತಂಡದ ಮಕ್ಕಳಿಗೆ ಪಾಠ ಹೇಳಿದವಳು ನಾನು.

ನಿವೃತ್ತಿಯಾದ ಮೇಲೆ ಅಣ್ಣನ ಮನೆಯ ಹಿಂಭಾಗದ ಎರಡು ಕೋಣೆಯಲ್ಲಿ ಇದ್ದೇನೆ. ಅಣ್ಣಯ್ಯನಿಗೆ ಎಪ್ಪತ್ತು ದಾಟಿದೆ. ಈಗ ಬಾಗಿಲು ಅಂಗಡಿಯಲ್ಲೇ ರೆಡಿಮೇಡ್ ಸಿಗುತ್ತದೆ, ಆದ್ದರಿಂದ ಅವನ ಬಳಿ ಬರುವುದು ಮುರಿದ ಮಣೆ, ಕುಂಟುವ ಕುರ್ಚಿ, ಹಿಡಿ ಕಳಚಿದ ಕುಡುಗೋಲು. ಅವನ ಮೊಣಕಾಲೂ ಹಾಗೇ ಕಳಚಿಕೊಂಡಿದೆ. ಊರೊಳಕ್ಕೆ ಹೋಗಿ ಬರಲಾರ. ಆದರೂ ಅವನಿಗೆ ತಿಳಿಯದ ಸುದ್ದಿಯಿಲ್ಲ, ಯಾಕೆಂದರೆ ಬೆಳಗ್ಗೆ ಆರರಿಂದ ಬಸ್ಸಿಳಿದವರು, ರೈಲಿಳಿದವರು ಜಗಲಿಗೆ ಬಂದು ಕೂರುತ್ತಾರೆ. ಅಂಗಡಿಯ ಒಳಗೆ ಕತ್ತಲೆ, ಎಲ್ಲೆಲ್ಲೂ ಹಳೆಯ ಮರದ ತುಂಡು. ಹೊರಗೆ ಆ ಐದಡಿಯಲ್ಲೇ ಅವನ ಕೆಲಸ, ಕಾಫಿ, ನಿದ್ದೆ, ನೆಂಟಸ್ತಿಕೆ ಎಲ್ಲ. ಜಗಲಿ ಹೋದರೆ ಅಣ್ಣಯ್ಯನಿಗೆ ಉಳಿಯುವುದು ಒಂದು ಗೋಡೆ, ಒಂದು ಮಂಚ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಮಾಡಿದ್ದೇನು ಕೇಳಿ.

ಮೂರು ತಿಂಗಳ ಹಿಂದೆ ಒಂದು ಬುಧವಾರ ಬೆಳಗ್ಗೆ ನಯಾಜ್ ಭಾಯಿ ತನ್ನ ಅಂಗಡಿಯ ಷಟರ್ ಎತ್ತುತ್ತ ಕೂಗಿದ. ನಯಾಜ್ ಭಾಯಿ ಆಟೋ, ಟ್ರಾಕ್ಟರುಗಳ ಸೀಟಿಗೆ ಕುಷನ್ ಹೊಲಿಯುವವನು. ಅವನ ಅಂಗಡಿಗೂ ನಮ್ಮ ಅಂಗಡಿಗೂ ನಡುವೆ ಒಂದೇ ಗೋಡೆ.

"ಆಚಾರ್ರೇ, ಬನ್ನಿ ಇಲ್ಲಿ! ನಿಮ್ ಕಂಬಕ್ಕೆ ಯಾರೋ ಕುಂಕುಮ ಇಟ್ಬುಟ್ಟವ್ರೆ."

ಜಗಲಿಯ ಪಕ್ಕದ ಕಂಬದ ಮೇಲೆ ಕೆಂಪು ಬಣ್ಣದಲ್ಲಿ ಒಂದು ಬಾಣ. ಬಾಣದ ಕೆಳಗೆ ಟಿ, ಓ, ಡಿ ಎಂಬ ಮೂರು ಇಂಗ್ಲಿಷ್ ಅಕ್ಷರ. ಅದರ ಮುಂದೆ ಐದು ಎಂಬ ಅಂಕಿ. ಹಿಂದಿನ ಸಂಜೆ ಯಾರೋ ಫೈಲು ಹಿಡಿದು ಓಡಾಡುತ್ತಿದ್ದದ್ದನ್ನು ನಯಾಜ್ ಭಾಯಿ ನೋಡಿದ್ದ. ಟೇಷನ್ನಿನ ಸುತ್ತ ಡೆವಲಪ್‌ಮೆಂಟ್ ಬರುತ್ತದಂತೆ ಎಂದು ಟೀ ಅಂಗಡಿಯಲ್ಲೂ ಕೇಳಿದ್ದ. ನಮ್ಮ ಕಡೆ ಕೆಂಪು ಬಣ್ಣದ ಗುರುತು ಬಿತ್ತು ಎಂದರೆ ಅದಕ್ಕೆ ಒಂದೇ ಅರ್ಥ. 'ಮಾರ್ಕಿಂಗ್ ಆಗೈತೆ' ಎಂದರೆ ಸಾಕು, ಯಾವ ಮನೆಯವರಾದರೂ ಒಲೆ ಆರಿಸಿ ಹೊರಗೆ ಬರುತ್ತಾರೆ.

"ಸರೋಜಿ, ನೀ ಓದೆ ಇದ. ಓದ್ದೋಳು ನೀನು" ಎಂದು ಅಣ್ಣಯ್ಯ ನನ್ನನ್ನು ಕರೆದ.

ನಾನು ಕನ್ನಡಕ ಹಾಕಿಕೊಂಡೆ. ಗಂಟಲು ಸರಿಮಾಡಿಕೊಂಡೆ. ತರಗತಿ ಸಿಕ್ಕಿ ಎಷ್ಟು ದಿನವಾಗಿತ್ತು! "ಇಂಗ್ಲಿಷಿನಲ್ಲಿ ಇಂಥ ಪದ ಇಲ್ಲ ಅಣ್ಣಯ್ಯ. ಇದು ಕನ್ನಡವೇ. ಈಗಿನೋರು ಫೋನಿನಲ್ಲಿ ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ ಬರೀತಾರಲ್ಲ, ಹಾಗೆ ಬರೆದಿದಾರೆ. ಇದು 'ತೋಡ್'. ತೋಡು ಅನ್ನೋದು ಧಾತು. ಬಾವಿ ತೋಡು, ಗುಂಡಿ ತೋಡು. ಅಗೆದು ತೆಗೆ ಅಂತ ಅರ್ಥ."

ನಯಾಜ್ ಭಾಯಿ ಬಾಯಿಯ ಮೇಲೆ ಕೈಯಿಟ್ಟುಕೊಂಡ. "ಯಾ ಅಲ್ಲಾ! ನಮ್ ಉರ್ದುನಾಗೂ ಅದೇ ಅಲ್ವಾ ಟೀಚರಮ್ಮ! ತೋಡ್ ಬೋಲೆ ತೋ, ಒಡೆದಾಕು ಅಂತ!"

ಈಗ ಹೇಳುತ್ತೇನೆ, ನೀವು ನನ್ನನ್ನು ಏನೆಂದುಕೊಂಡರೂ ಸರಿ. ಆ ಕ್ಷಣದಲ್ಲಿ ನನಗೆ ದುಃಖಕ್ಕಿಂತ ಮೊದಲು ಸಂತೋಷವಾಯಿತು. ಎರಡು ಭಾಷೆಗಳು ಒಟ್ಟಿಗೆ ನನ್ನ ಅರ್ಥಕ್ಕೆ ಸಾಕ್ಷಿ ನುಡಿದಿದ್ದವು! ಕನ್ನಡದಲ್ಲಿ ಅಗೆ, ಉರ್ದುವಿನಲ್ಲಿ ಒಡೆ. ಇದಕ್ಕಿಂತ ಪ್ರಮಾಣ ಬೇಕೆ? "ನೋಡಿದ್ಯಾ!" ಎಂದುಬಿಟ್ಟೆ. ಹಾಗೆನ್ನುತ್ತ ಅಣ್ಣಯ್ಯನ ಮುಖ ನೋಡಿದೆ. ನನ್ನ ಸಂತೋಷ ಅಲ್ಲೇ ಸತ್ತುಹೋಯಿತು.

"ಐದು ಅಂದ್ರೆ ಐದಡಿಯೋ ಐದ್ ಮೀಟ್ರೋ?" ಎಂದ ನಯಾಜ್ ಭಾಯಿ.

ಅಣ್ಣಯ್ಯ ಕುಂಟುತ್ತ ಒಳಗೆ ಹೋಗಿ ಅಳತೆಯ ಟೇಪು ತಂದ. ಜಗಲಿ ಎಷ್ಟಗಲ ಎಂದು ಅವನಿಗೆ ಗೊತ್ತಿಲ್ಲವೆ? ಆದರೂ ಅಳೆದ. ಗೋಡೆಯ ಬುಡದಿಂದ ಚಪ್ಪಡಿಯ ತುದಿಗೆ ಸರಿಯಾಗಿ ಐದಡಿ. ಟೇಪು ಸುರ್ರೆಂದು ಸುತ್ತಿಕೊಂಡು ಒಳಹೋಯಿತು.

ಯಾರನ್ನಾದರೂ ಕೇಳಬಹುದಿತ್ತಲ್ಲ ಎನ್ನುತ್ತೀರಿ. ನಾನೂ ಅಂದೆ. "ಸುಮ್ನಿರೆ, ಕೇಳಕ್ ಓದ್ರೆ ಮರ್ತೋಗಿದ್ದೋರ್ಗೂ ನಾವೇ ಗ್ಯಾಪ್ನ ಮಾಡ್ದಂಗಾಯ್ತದೆ. ಇರ್ಲಾರ್ದೆ ಇರ್ವೆ ಬುಟ್ಕಳದು ಬ್ಯಾಡ" ಎಂದು ಅಣ್ಣಯ್ಯ ನನ್ನ ಬಾಯಿ ಮುಚ್ಚಿಸಿದ. ಅವನ ಭಯಕ್ಕೆ ಕಾರಣವಿತ್ತು. ಬೆಳಗೊಳದ ನಮ್ಮ ಚಿಕ್ಕಮ್ಮನ ಮನೆ ಹಿಂದೊಮ್ಮೆ ರಸ್ತೆ ಅಗಲವಾಗುವಾಗ ಅರ್ಧ ಹೋಗಿತ್ತು. ಉಳಿದ ಅರ್ಧದಲ್ಲಿ ಅಡುಗೆಮನೆ ನೇರ ರಸ್ತೆಗೆ ಬಂದು, ಚಿಕ್ಕಮ್ಮ ಒಗ್ಗರಣೆ ಹಾಕಿದರೆ ಬಸ್ಸಿನವರು ಸೀನುತ್ತಿದ್ದರು. ಅದನ್ನು ಅವಳೇ ಹೇಳಿಕೊಂಡು ನಗುತ್ತಿದ್ದಳು. ಆದರೆ ಮಷೀನು ಬಂದು ಅವಳ ಅತ್ತೆಯ ಕಾಲದ ಒರಳುಕಲ್ಲನ್ನು ಎರಡು ಹೋಳು ಮಾಡಿದ್ದನ್ನು ಹೇಳುವಾಗ ಮಾತ್ರ ನಗುತ್ತಿರಲಿಲ್ಲ.

ಬುಧವಾರ, ಗುರುವಾರ ಅಣ್ಣಯ್ಯ ಉಳಿ ಮುಟ್ಟಲಿಲ್ಲ. ಜಗಲಿಯ ಮೇಲೆ ಕೂತು, ಪಕ್ಕದ ಕಲ್ಲಿನ ಮೇಲೆ ಅಂಗೈಯಿಟ್ಟುಕೊಂಡು ರಸ್ತೆ ನೋಡುತ್ತಿದ್ದ. ಬಸ್ಸಿಳಿದವರು ಟೇಷನ್ ಎಷ್ಟು ದೂರ ಎಂದು ಕೇಳಿದರೆ ಕೈ ತೋರಿಸಿ ಸುಮ್ಮನಾಗುತ್ತಿದ್ದ. ಗುರುವಾರ ಸಂಜೆ ಅತ್ತಿಗೆ ಕಾಫಿ ತಂದಿಟ್ಟಾಗ, ಯಾರನ್ನೂ ನೋಡದೆ ಒಂದು ಮಾತು ಕೇಳಿದ.

"ಅಲ್ಲ ಕಣೆ, ನಾನಿನ್ ಎಲ್ ಕುಂತ್ಕಳ್ಳಿ?"

ಅತ್ತಿಗೆ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದರು. ಬಣ್ಣ ಬಳಿದವರು ಯಾರೋ, ಆದರೆ ಅದನ್ನು ಓದಿ ಹೇಳಿದ ಬಾಯಿ ನನ್ನದೇ ಆಗಿತ್ತು.

ಶುಕ್ರವಾರ ಅವನು ಗಟ್ಟಿ ಮನಸ್ಸು ಮಾಡಿದ. "ಮಷೀನ್ ಬಂದು ಪುಡಿ ಮಾಡಕ್ ಮುಂಚೆ ನಾವೇ ಎತ್ ಮಡಗ್ಬುಡಾನ. ಅಪ್ಪ ತಂದ ಕಲ್ಲು, ಇಡೀ ಕಲ್ಲಾದ್ರೂ ಉಳೀಲಿ." ನಯಾಜ್ ಭಾಯಿ ನಮಾಜು ಮುಗಿಸಿ ಬಂದವನೇ ಕೆ.ಆರ್. ಪೇಟೆಗೆ ಫೋನು ಮಾಡಿದ. ಅವನ ಭಾವಮೈದುನ ಕಲ್ಲಿನ ಕೆಲಸದವನು, ಅವನ ಹಾರೆ ಆಳೆತ್ತರದ್ದು. ಅದು ಸಂಜೆಯ ಬಸ್ಸಿನಲ್ಲಿ ಸೀಟುಗಳ ನಡುವೆ ಮಲಗಿಕೊಂಡು ಬಂತು. ಕಂಡಕ್ಟರು ಅದನ್ನು ಇಳಿಸಿಕೊಡುತ್ತ, "ಏನ್ ಭಾಯ್, ಇಡೀ ದಾರಿಗೆ ಎಲ್ರ ಕಾಲಿಗೂ ಮುತ್ ಕೊಟ್ಕಂಡ್ ಬಂತು ನಿಮ್ ಪ್ಯಾಸೆಂಜರು" ಎಂದು ಬೈದನಂತೆ.

ಶನಿವಾರ ಬೆಳಗ್ಗೆ ಕೆಲಸ ಶುರುವಾಯಿತು. ಅಣ್ಣಯ್ಯ ಕಲ್ಲಿಗೆ ಕೈಮುಗಿದ. ನಯಾಜ್ ಭಾಯಿ 'ಬಿಸ್ಮಿಲ್ಲಾ' ಎಂದು ಹಾರೆಯನ್ನು ಸಂದಿಗೆ ಹಾಕಿ ಮೀಟಿದ. ಮೊದಲನೇ ಚಪ್ಪಡಿ ಎದ್ದಿತು. ಅಡಿಗೆ ಮರದ ತುಂಡು ಕೊಟ್ಟು ಉರುಳಿಸಿ ಅಂಗಳಕ್ಕೆ ಇಳಿಸಿದರು. ಕೆಳಗಿನ ಮರಳಿನಲ್ಲಿ ಏನೇನಿತ್ತು ಎನ್ನುತ್ತೀರಿ! ಸಂದಿಯಲ್ಲಿ ಜಾರಿಬಿದ್ದ ಗೋಲಿಗಳು, ಅಂಗಿಯ ಗುಂಡಿಗಳು, ಹಲ್ಲು ಮುರಿದ ಬಾಚಣಿಗೆ, ಯಾರದೋ ಬೀಡಿ ಡಬ್ಬಿಯ ಮುಚ್ಚಳ. ಒಂದು ಉದ್ದನೆಯ ಬಳಪವೂ ಇತ್ತು. ಅದು ನನ್ನದು. ಎರಡನೇ ಕ್ಲಾಸಿನಲ್ಲಿ ಹೊಸ ಬಳಪ ಕಳೆದೆನೆಂದು ಅಮ್ಮನಿಂದ ಏಟು ತಿಂದದ್ದು ನನ್ನ ಬೆನ್ನಿಗೆ ಇನ್ನೂ ನೆನಪಿದೆ. ಜಗಲಿಯ ಮೇಲೆ ಕದ್ದು ಕೂತಿದ್ದೆ ಎಂದು ಬಾಯಿಬಿಡುವ ಹಾಗಿರಲಿಲ್ಲವಲ್ಲ! ಅದನ್ನು ಎತ್ತಿ ಸೆರಗಿನಲ್ಲಿ ಒರೆಸಿಕೊಂಡೆ. ಕಣ್ಣು ತುಂಬಿ ಬಂತು.

ಎರಡನೇ ಚಪ್ಪಡಿಯೂ ಎದ್ದಿತು. ಮೂರನೆಯದರ ಒಂದು ಮೂಲೆ ಎದ್ದು ಹಾರೆಯ ಮೇಲೆ ನಿಂತಿದ್ದಾಗ ಟೇಷನ್ನಿನ ಕಡೆಯಿಂದ ಒಂದು ಹುಡುಗಿ ಬಿರಬಿರನೆ ನಡೆದು ಬಂದಳು. ತಲೆಗೆ ಟೋಪಿ, ಬೆನ್ನಿಗೆ ಚೀಲ, ಒಂದು ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಕಾಗದ, ಇನ್ನೊಂದರಲ್ಲಿ ಫೋನು. ಕಂಬದ ಹತ್ತಿರ ಬಂದು ನಿಂತು, ಫೋನನ್ನು ಒತ್ತಿ, ಏನೋ ಬರೆದುಕೊಂಡು, ಆಮೇಲೆ ತಲೆಯೆತ್ತಿ ಜಗಲಿ ನೋಡಿದಳು.

"ಅಯ್ಯೋ, ಯಾಕ್ ಸಾರ್ ಕೀಳ್ತಿದೀರ ಇದನ್ನ?"

"ನೀವೇ ಮಾರ್ಕ್ ಆಕ್ಬುಟ್ಟು ಯಾಕ್ ಅಂತೀರಲ್ಲಮ್ಮ" ಎಂದ ನಯಾಜ್ ಭಾಯಿ. ಹಾರೆಯ ಭಾರಕ್ಕೆ ಅವನ ಕುತ್ತಿಗೆಯ ನರ ಉಬ್ಬಿತ್ತು. "ತೋಡ್ ಐದು ಅಂತ ಬರ್ದಿಲ್ವಾ? ಐದಡಿ ಒಡೀತಾ ಇದೀವಿ."

ಹುಡುಗಿ ಕಂಬ ನೋಡಿದಳು. ಜಗಲಿ ನೋಡಿದಳು. ನಮ್ಮ ಮೂವರ ಮುಖ ನೋಡಿದಳು. "ತೋಡ್ ಅಲ್ಲ ಸಾರ್! ಟಿ, ಓ, ಡಿ! ಟ್ರಾನ್ಸಿಟ್ ಓರಿಯೆಂಟೆಡ್ ಡೆವಲಪ್‌ಮೆಂಟ್ ಅಂತ. ಒಡೆಯೋದಲ್ಲ ಸಾರ್ ಅದು! ರೈಲ್ವೆ ಟೇಷನ್, ಬಸ್ ಸ್ಟಾಪ್ ಸುತ್ತ ಜನ ನಡ್ಕಂಡೇ ಓಡಾಡೋ ಅಂಗೆ ಊರು ಬೆಳೆಸೋದು. ಅಂಗಡಿ, ಮನೆ, ನೆರಳು, ಎಲ್ಲ ಅಲ್ಲೇ ಅತ್ರ ಇರ್ಬೇಕು ಅಂತ. ಈಗ ನಾವು ಬರೀ ನಡೆದು ನೋಡಿ ಬರ್ಕತಾ ಇದೀವಿ ಅಷ್ಟೇ."

ನಯಾಜ್ ಭಾಯಿ ಹಾರೆಯನ್ನು ಹಿಡಿದಲ್ಲೇ ಹಿಡಿದು, ಕತ್ತನ್ನು ಮಾತ್ರ ನಿಧಾನವಾಗಿ ನನ್ನ ಕಡೆ ತಿರುಗಿಸಿದ.

"ಟೀಚರಮ್ಮಾ... ಧಾತು ಅಂದ್ರಿ?"

ಭೂಮಿ ಬಾಯಿ ಬಿಡಬಾರದೆ ಎನ್ನಿಸಿತು. ಎರಡು ಚಪ್ಪಡಿ ಎತ್ತಿದ ಜಾಗದಲ್ಲಿ ಅದು ಆಗಲೇ ಬಾಯಿ ಬಿಟ್ಟುಕೊಂಡು ಕಾಯುತ್ತಲೂ ಇತ್ತು. ಅಣ್ಣಯ್ಯ ಬೈಯಲಿ, ನಾಲ್ಕು ಜನರ ಮುಂದೆ ಉಗಿಯಲಿ ಎಂದು ತಲೆ ತಗ್ಗಿಸಿ ನಿಂತೆ. ಆದರೆ ಅವನು ನನ್ನ ಕಡೆ ನೋಡಲೇ ಇಲ್ಲ.

"ಅಂಗಾರೆ ಈ ಜಗಲಿ?" ಎಂದು ಹುಡುಗಿಯನ್ನು ಕೇಳಿದ.

"ನಮ್ ಕಾಗದದಲ್ಲಿ ಇದ ಒಡೀರಿ ಅಂತ ಎಲ್ಲೂ ಇಲ್ಲ ಸಾರ್. ಮುಂದಿಂದು ದೊಡ್ಡೋರ ಕೆಲ್ಸ, ಸುಳ್ಳ್ ಯಾಕ್ ಯೋಳ್ಳಿ, ನಂಗೊತ್ತಿಲ್ಲ. ಆದ್ರೆ ಇಲ್ನೋಡಿ." ಅವಳು ಕಾಗದ ತಿರುಗಿಸಿ ಬೆರಳಿಟ್ಟು ತೋರಿಸಿದಳು. "ದಾರಿನಾಗೆ ಕುಂತ್ಕಳೋ ಜಾಗ ಎಲ್ಲೆಲ್ಲೈತೆ ಅಂತ ಬರೀಬೇಕು. ಟೇಷನ್ ಇಂದ ಇಲ್ಲೀಗಂಟ ಇರೋದು ಇದೊಂದೇ. ಅದುಕ್ಕೇ ಈ ಕಂಬಕ್ಕೆ ಗುರ್ತು ಆಕ್ಸಿದ್ದು. ಇವತ್ ಬಂದು ಇನ್ನೊಂದ್ ಸಲ ನೋಡ್ಕಂಡು ಓಗಾನ ಅಂದ್ರೆ, ನೀವು ಕಿತ್ತಾಕ್ತಾ ಇದೀರ!"

ಆ ಮಾತಿನ ಎಳೆತ ನನ್ನ ಕಿವಿಗೆ ಬಿತ್ತು. "ಯಾವೂರಮ್ಮ ನಿಂದು?" ಎಂದೆ, ನಾಚಿಕೆಯ ನಡುವೆಯೂ.

"ನಾಗಮಂಗಲ ಆಂಟಿ."

ಸದ್ಯ, ಅಷ್ಟಾದರೂ ನಾನು ಸರಿಯಾಗಿ ಓದಿದೆ.

ಅಣ್ಣಯ್ಯ ಕಂಬದ ಹತ್ತಿರ ಹೋಗಿ ಆ ಕೆಂಪು ಅಂಕಿಯ ಮೇಲೆ ಬೆರಳಾಡಿಸಿದ. "ಅಂಗಾರೆ ಈ ಐದು? ಐದ್ ಏನು?"

"ಐದು ನಿಮಿಷ ಸಾರ್."

"ಏನಂದೆ ಕೂಸೆ?"

"ಇಲ್ಲಿಂದ ಟೇಷನ್ನಿಗೆ ನಡೆಯೋಕೆ ಐದು ನಿಮಿಷ. ನಾನೇ ಫೋನಿನಾಗೆ ಟೈಮ್ ಇಟ್ಕಂಡು ನಡ್ದಿವ್ನಿ. ಇವತ್ತಿಂದೂ ಸೇರಿ ಮೂರು ಸಲ. ಮೂರು ಸಲಾನೂ ಐದೇ."

ಅಣ್ಣಯ್ಯ ಅಂಗಳಕ್ಕೆ ಇಳಿಸಿದ್ದ ಚಪ್ಪಡಿಯ ಮೇಲೆ ಕುಸಿದು ಕೂತ. ಅವನ ಭುಜ ಅಲುಗತೊಡಗಿತು. ಅಳುತ್ತಿದ್ದಾನೆಂದು ನಾನು ಹತ್ತಿರ ಓಡಿದೆ. ನಗುತ್ತಿದ್ದ. ಅಳುತ್ತಲೂ ಇದ್ದ.

"ಸರೋಜಿ, ಕೇಳ್ದ್ಯೇನೆ? ಐದೇ ನಿಮಿಷವಂತೆ! ನಮ್ಮಪ್ಪ ಸುಳ್ ಯೋಳ್ತಿರ್ಲಿಲ್ಲ ಕಣೆ! ಅಮ್ಮ ಸಾಯೋಗಂಟ ಬೈದ್ಲು, ನಾವೆಲ್ಲ ಆಡ್ಕಂಡು ನಕ್ಬುಟ್ಟೋ. ಅಪ್ಪ ಯೋಳಿದ್ದು ನಡೆಯೋದುಕ್ಕೆ ಐದು ನಿಮಿಷ ಅಂತ. ಕುಂತ್ಕಳದುಕ್ಕೆ ಎಷ್ಟು ಅಂತ ಯಾವತ್ ಯೋಳಿದ್ರು?"

ನನ್ನ ಅತಿಶಯೋಕ್ತಿಯ ಉದಾಹರಣೆ ಹೀಗೆ ನಡುಬೀದಿಯಲ್ಲಿ ಬಿದ್ದುಹೋಯಿತು. ಆದರೆ ಬಿದ್ದದ್ದಕ್ಕೆ ನನಗಾದಷ್ಟು ಆನಂದ ಬೇರೆ ಯಾರಿಗೂ ಆಗಿರಲಾರದು. ನನ್ನ ಪಾಠ ಕೇಳಿದ ಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಆ ಉದಾಹರಣೆಯನ್ನು ಹೊಡೆದುಹಾಕಿಬಿಡಿ. ನಮ್ಮಪ್ಪ ನಿಮಿಷದ ಲೆಕ್ಕದಲ್ಲಿ ಸತ್ಯವಂತರು.

"ಅಳೋದು ನಗೋದು ಆಮೇಲ್ ಇಟ್ಕಳಿ, ನನ್ ಸೊಂಟ ಓಯ್ತದೆ!" ಎಂದು ನಯಾಜ್ ಭಾಯಿ ಕೂಗಿದ. ಪಾಪ, ಅವನಿನ್ನೂ ಮೂರನೇ ಚಪ್ಪಡಿಯನ್ನು ಹಾರೆಯ ಮೇಲೆ ಹೊತ್ತು ನಿಂತಿದ್ದ. ಎಲ್ಲರೂ ಓಡಿದೆವು. ಆ ಹುಡುಗಿಯೂ ಚೀಲ ಬಿಸಾಕಿ ಕೈ ಕೊಟ್ಟಳು. ಮೂರನೆಯದನ್ನು ಇಳಿಬಿಟ್ಟು, ಇನ್ನೆರಡನ್ನು ಮರದ ತುಂಡಿನ ಮೇಲೆ ಉರುಳಿಸಿ ತಂದು ಅವುಗಳ ಜಾಗಕ್ಕೆ ಸೇರಿಸಿದೆವು. ಸೇರಿಸುವ ಮುಂಚೆ ನಾನು ಗೋಲಿಗಳನ್ನೂ ಗುಂಡಿಗಳನ್ನೂ ಅದೇ ಮರಳಿಗೆ ವಾಪಸ್ ಹಾಕಿದೆ. ಬಳಪ ಮಾತ್ರ ನನ್ನ ಹತ್ತಿರವೇ ಉಳಿಯಿತು.

ಅವಸರದಲ್ಲಿ ಇಳಿಬಿಟ್ಟ ಆ ಮೂರನೇ ಚಪ್ಪಡಿ ಈಗಲೂ ಒಂದು ಮೂಲೆಯಲ್ಲಿ ಸ್ವಲ್ಪ ಕುಂಟುತ್ತದೆ. ಕೂತವರು ಎದ್ದರೆ ಟಕ್ ಎನ್ನುತ್ತದೆ. ಅದನ್ನು ಮೀಟಿ ಒಂದು ಹಿಡಿ ಮರಳು ಹಾಕಬೇಕು. ಹಾರೆಗೆ ಬಾಕಿ ಇರುವ ಐದು ನಿಮಿಷದ ಕೆಲಸ ಅದೇ.

ಅವತ್ತು ಕೆಲಸ ಮುಗಿದ ಮೇಲೆ ಅತ್ತಿಗೆ ಎಲ್ಲರಿಗೂ ಕಾಫಿ ಕೊಟ್ಟರು. ಹುಡುಗಿ ಗಡಿಯಾರ ನೋಡಿ, "ಮೈಸೂರ್ ಟ್ರೈನ್‌ಗೆ ಇನ್ನೂ ಟೈಮ್ ಐತೆ" ಎಂದು ಜಗಲಿಯ ಮೇಲೆ ಕೂತಳು. ನಾನೂ ಕೂತೆ. ಕದ್ದು ಅಲ್ಲ, ಕಾಲು ಇಳಿಬಿಟ್ಟುಕೊಂಡು, ಬೀದಿಗೆ ಮುಖ ಮಾಡಿಕೊಂಡು. ಕಲ್ಲು ಬಿಸಿಲಿಗೆ ಬೆಚ್ಚಗಿತ್ತು. ಅಣ್ಣಯ್ಯ ಅವಳನ್ನು, ನಾಗಮಂಗಲದಲ್ಲಿ ಯಾವ ಬೀದಿ ಎಂದು ಕೇಳಿದ. ಅವಳು ಹೇಳಿದಳು. ಆ ಬೀದಿಯ ಒಂದು ಮನೆಗೆ ಅಪ್ಪ ಮಾಡಿದ ಬಾಗಿಲು ಹೋಗಿದೆ ಎಂದು ಇವನು ಹೇಳಿದ. ಆ ಬಾಗಿಲಿನ ಮನೆ ತನ್ನ ಅಜ್ಜಿಯ ತಂಗಿಯದೇ ಎಂದು ಅವಳು ಹೇಳಿದಳು. ಅದು ಹೇಗೆ, ಯಾರ ಕಡೆಯಿಂದ ತಂಗಿ ಎಂದು ನಯಾಜ್ ಭಾಯಿಗೆ ತಿಳಿಯಬೇಕಾಗಿತ್ತು. ನನಗೂ ತಿಳಿಯಬೇಕಾಗಿತ್ತು.

ಅಷ್ಟರಲ್ಲಿ ಟೇಷನ್ನಿನ ಕಡೆಯಿಂದ ರೈಲು ಉದ್ದಕ್ಕೆ ಕೂಗಿತು.

ಹುಡುಗಿ ದಿಢೀರನೆ ಎದ್ದಳು. ಚಪ್ಪಡಿ ಟಕ್ ಎಂದಿತು. "ಅಯ್ಯಯ್ಯೋ, ನನ್ ಟ್ರೈನು! ಐದೇ ನಿಮಿಷ ಅಲ್ವಾ ಅಂತ ಕುಂತೆ!"

ನಮಗೆಲ್ಲ ನಗು ತಡೆಯಲಾಗಲಿಲ್ಲ. ಅಣ್ಣಯ್ಯ ಮೂರು ದಿನದ ಮೇಲೆ ಹಳೆಯ ಅಣ್ಣಯ್ಯನಾಗಿ ಕಣ್ಣೊರೆಸಿಕೊಂಡು, "ಕುಂತ್ಕ ಮಗ, ಸಂಜೆ ಇನ್ನೊಂದೈತೆ" ಎಂದ.

ಬಾಗಿಲ ಸಂದಿಯಿಂದ ಅತ್ತಿಗೆ ಇಣುಕಿದರು. ಅವರ ಕಣ್ಣು ಜಗಲಿಯ ಈ ತುದಿಯಿಂದ ಆ ತುದಿಗೆ ಒಂದು ಸಲ ಹೋಗಿ ಬಂತು. ಒಳಗೆ ಎಸರಿಗೆ ಇನ್ನೊಂದು ಚೊಂಬು ನೀರು ಸುರಿದ ಸದ್ದು ಕೇಳಿಸಿತು.